ಬದನೆಕಾಯಿಗೆ ಹೇಳಿದ ಮಾತು

ಬೇಸಿಗೆ ಕಾಲಿಟ್ಟಿತೆಂದರೆ ಆ ಅಣ್ಣ ತಂಗಿಯರ ಮನೆಯ ಅಡುಗೆಮನೆ ಹಿತ್ತಿಲಿಗೆ ವಲಸೆ ಹೋಗುತ್ತಿತ್ತು. ಒಳಗೆ ತಗಡಿನ ಮಾಡು. ಮಧ್ಯಾಹ್ನ ಕಾದದ್ದು ಸಂಜೆಯಾದರೂ ಆರುತ್ತಿರಲಿಲ್ಲ. ಅಲ್ಲಿ ಗ್ಯಾಸ್ ಹಚ್ಚಿಕೊಂಡು ನಿಂತರೆ ಬೇಯುವುದು ಅಡುಗೆಯೋ ಅಡುಗೆ ಮಾಡುವವರೋ ಹೇಳುವುದು ಕಷ್ಟ. ಹಾಗಾಗಿ ಸೆಕೆ ಶುರುವಾದ ಮೊದಲ ವಾರವೇ ಅಣ್ಣ ಗೋಡೆಗೆ ಒರಗಿಸಿಟ್ಟಿದ್ದ ಡ್ರಮ್ಮಿನ ಒಲೆಯನ್ನು ಹಿತ್ತಿಲ ನಡುವೆ ಎಳೆದು ತರುತ್ತಿದ್ದ. ತಂಗಿ ಉಪ್ಪಿನ ಡಬ್ಬಿ, ಎಣ್ಣೆ ಬಟ್ಟಲು, ನಿಂಬೆಹಣ್ಣಿನ ಬುಟ್ಟಿ ಎಲ್ಲವನ್ನೂ ಹೊರಗಿನ ಕಲ್ಲುಬೆಂಚಿಗೆ ಸಾಗಿಸುತ್ತಿದ್ದಳು. ಮಳೆ ಬೀಳುವವರೆಗೆ ಸಂಜೆಯ ಊಟವೆಲ್ಲ ಕೆಂಡದ ಮೇಲೆಯೇ.

ಅಣ್ಣನನ್ನು ಬೀದಿಯವರೆಲ್ಲ ಫಿಟ್ಟರ್ ಎನ್ನುತ್ತಿದ್ದರು. ತಗಡು ಒತ್ತುವ ಕಾರ್ಖಾನೆಯಲ್ಲಿ ಅವನು ಫಿಟ್ಟರ್. ಆ ಒಲೆಯೂ ಅವನ ಕೈಯದೇ. ಹಳೆಯ ಎಣ್ಣೆ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಒಳಗೆ ಬೆಂಕಿ ಹಾಕಿ ವಾಸನೆ ಹೋಗುವವರೆಗೆ ಸುಟ್ಟು, ನಾಲ್ಕು ಕಾಲು ಬೆಸೆದು, ಮೇಲೆ ಕಬ್ಬಿಣದ ಸರಳು ಜೋಡಿಸಿದ್ದ. ಒಂದು ಕಾಲು ಹೇಗೋ ಗಿಡ್ಡವಾಗಿತ್ತು, ಅದರ ಕೆಳಗೊಂದು ಹೆಂಚಿನ ಚೂರು. ನೋಡಿದವರು ‘ಎಂಥಾ ಗ್ರಿಲ್ಲು ಮಾಡಿದೀರಿ ಫಿಟ್ಟರ್!’ ಎಂದರೆ ಅವನಿಗೆ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು. ‘ಗ್ರಿಲ್ಲು ಅಂದ್ರೆ ಕಿಟಕಿಗೆ ಹಾಕೋದು. ಇದು ಒಲೆ,’ ಎನ್ನುತ್ತಿದ್ದ. ಬೈಸಿಕೊಂಡವರೇ ಆಮೇಲೆ ಮೆಲ್ಲಗೆ ‘ನಮಗೂ ಒಂದು ಮಾಡಿಕೊಡ್ತೀರಾ?’ ಎಂದು ಕೇಳುತ್ತಿದ್ದರು. ಹೀಗೆ ಕೇಳಿ ಕೇಳಿ ಬೀದಿಯಲ್ಲಿ ಆಗಲೇ ಮೂರ್ನಾಲ್ಕು ಮನೆಗಳಿಗೆ ಡ್ರಮ್ಮಿನ ಒಲೆ ಹೋಗಿತ್ತು. ಭಾನುವಾರ ಬಂತೆಂದರೆ ಒಲೆ ನೋಡಲು ಯಾರಾದರೊಬ್ಬರು ಬಂದೇ ಬರುತ್ತಿದ್ದರು.

ಬೆಂಕಿಯ ಮುಂದೆ ನಿಂತಾಗ ಫಿಟ್ಟರ್ ಬೇರೆಯೇ ಮನುಷ್ಯ. ಉರಿ ಇರುವಾಗ ಅಡುಗೆ ಇಡುವವನು ಅವನ ಲೆಕ್ಕದಲ್ಲಿ ಶತಮೂರ್ಖ. ಉರಿ ಇಳಿದು, ಕೆಂಡದ ಮೈಮೇಲೆ ಬಿಳಿ ಬೂದಿ ಕೂರಬೇಕು. ಇಕ್ಕಳವನ್ನು ಇನ್ನೊಬ್ಬರು ಮುಟ್ಟಬಾರದು. ಮೀನು ಇಟ್ಟ ಮೇಲೆ ಎಳೆದಾಡಬಾರದು. ‘ಬೇಯೋ ತನಕ ಅದು ಸರಳು ಬಿಡಲ್ಲ. ಬೆಂದ ಮೇಲೆ ತಾನಾಗೇ ಬಿಡುತ್ತೆ. ಎಳೆದ್ರೆ ಚರ್ಮ ಅಲ್ಲೇ, ಮೀನು ಇಲ್ಲೇ,’ ಎಂದು ಬಂದವರಿಗೆಲ್ಲ ಪಾಠ ಹೇಳುತ್ತಿದ್ದ. ತಂಗಿಯ ಕೆಲಸ ತಟ್ಟೆ ಹಿಡಿಯುವುದು. ‘ಆಯ್ತಾ ಅಣ್ಣಾ?’ ಎಂದು ಅವಳು ಕೇಳಬೇಕು, ‘ಇನ್ನೂ’ ಎಂದು ಅವನು ಹೇಳಬೇಕು. ಕೊನೆಗೊಮ್ಮೆ ಇಕ್ಕಳದ ಬೆನ್ನಿನಿಂದ ಒತ್ತಿ ನೋಡಿ ‘ಆಯ್ತು’ ಎನ್ನಬೇಕು. ಬೇಸಿಗೆಯಿಡೀ ಅವರಿಬ್ಬರ ನಡುವೆ ನಡೆಯುತ್ತಿದ್ದ ಮಾತುಕತೆ ಹೆಚ್ಚುಕಮ್ಮಿ ಇಷ್ಟೇ.

ಈ ‘ಆಯ್ತು’ ಎಂಬ ಮಾತು ನೋಡಿ, ಅದೆಂಥ ಕತ್ತೆ ದುಡಿತ ದುಡಿಯುತ್ತದೆ! ಕೆಲಸ ಮುಗಿದರೂ ಆಯ್ತು, ಹೇಳಿದ್ದಕ್ಕೆ ಒಪ್ಪಿದರೂ ಆಯ್ತು, ಅನ್ನ ಬೆಂದರೂ ಆಯ್ತು, ಮದುವೆ ನಡೆದರೂ ಆಯ್ತು. ಇಷ್ಟು ಭಾರ ಹೊರುವ ಮಾತು ಒಂದಲ್ಲ ಒಂದು ದಿನ ಕಾಲು ಜಾರಿ ಬೀಳದೆ ಇರುತ್ತದೆಯೇ? ಬಿತ್ತು. ಬಿದ್ದದ್ದು ತಂಗಿಯ ತಲೆಯ ಮೇಲೆ.

ತಂಗಿ ಪೇಟೆಬೀದಿಯ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಗಾಜು ಕೂರಿಸುವುದು, ಸಡಿಲವಾದ ತಿರುಪು ಬಿಗಿಯುವುದು, ಕಿವಿಯ ಹಿಂದೆ ಒತ್ತುವ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸುವುದು. ನಲವತ್ತು ದಾಟಿದ್ದರೂ ಅವಳ ಕೈ ನಡುಗುತ್ತಿರಲಿಲ್ಲ. ಆ ಅಂಗಡಿಗೆ ಒಬ್ಬರು ಬರುತ್ತಿದ್ದರು, ಲಿಫ್ಟ್ ರಿಪೇರಿ ಮಾಡುವವರು. ಮೊದಲ ಸಲ ಬಂದಾಗ ಅವಳು ಕೇಳಿದ್ದು, ‘ಕೆಲಸ ಮಾಡುವಾಗ ಮೇಲೆ ನೋಡ್ತೀರಾ, ಕೆಳಗೆ ನೋಡ್ತೀರಾ?’

ಆತ ಸ್ವಲ್ಪ ಯೋಚಿಸಿ, ‘ಎರಡೂ,’ ಎಂದರು. ‘ಲಿಫ್ಟ್ ಎಲ್ಲಿ ನಿಂತಿದೆ ಅನ್ನೋದರ ಮೇಲೆ.’

ಮೇಲೆ ನೋಡಿದರೂ ಹಿಂದಕ್ಕೆ ಜಾರದ, ಕೆಳಗೆ ಬಗ್ಗಿದರೂ ಬೀಳದ ಹಾಗೆ ಅವಳು ಕಡ್ಡಿ ಬಗ್ಗಿಸಿ ಕೊಟ್ಟಳು. ಹದಿನೈದು ದಿನ ಬಿಟ್ಟು ಆತ ಮತ್ತೆ ಬಂದರು, ಸಡಿಲವಾಗಿದೆ ಅಂತ. ನೋಡಿದರೆ ಏನೂ ಆಗಿರಲಿಲ್ಲ. ಅವಳು ಬಿಗಿಯಾಗಿದ್ದ ತಿರುಪನ್ನೇ ಇನ್ನೊಮ್ಮೆ ಬಿಗಿದಂತೆ ಮಾಡಿ ಕೊಟ್ಟಳು. ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ವಾರಕ್ಕೊಮ್ಮೆ ಸಡಿಲವಾಗತೊಡಗಿತು. ಲಿಫ್ಟಿನವರ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಅಕ್ಕನ ಜೊತೆ ಊರಿನ ಆ ಬದಿಯಲ್ಲಿದ್ದರು. ಇದನ್ನೆಲ್ಲ ಅವರು ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟು, ಕಣ್ಣು ಕಾಣದವರ ಧೈರ್ಯದಲ್ಲಿ ಸ್ವಲ್ಪ ಸ್ವಲ್ಪವೇ ಹೇಳಿದ್ದರು.

ಒಂದು ದಿನ ಹೇಳಿಯೇಬಿಟ್ಟರು. ‘ಒಂದು ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನ್ನ ಕನ್ನಡಕ ಸಡಿಲ ಆಗಿಲ್ಲ. ಹೋದ ಸಲಾನೂ ಆಗಿರ್ಲಿಲ್ಲ.’

‘ಗೊತ್ತು,’ ಎಂದಳು ಅವಳು.

‘ಹಂಗಾದ್ರೆ ಮುಂದಿನ ಮಾತೂ ಗೊತ್ತಿರಬೇಕು.’

ಅವಳಿಗೆ ಗೊತ್ತಿತ್ತು. ಮುಖ ಕೆಂಪಾಗಿ, ಕೈಯಲ್ಲಿದ್ದ ಪುಟ್ಟ ಸ್ಕ್ರೂಡ್ರೈವರನ್ನು ಜೇಬಿಗಿಟ್ಟು, ಮತ್ತೆ ತೆಗೆದು, ‘ನನಗೆ ಮನಸ್ಸಿದೆ,’ ಎಂದಳು. ‘ಆದ್ರೆ ಅಣ್ಣನ ಮಾತು ಬೇಕು. ಅವನು ಆಯ್ತು ಅಂದ್ರೆ ಆಯ್ತು.’

ನಲವತ್ತು ದಾಟಿದ ಹೆಂಗಸಿಗೆ ಅಣ್ಣನ ಅಪ್ಪಣೆ ಯಾಕೆ ಎಂದು ಕೇಳುವವರು ಕೇಳಬಹುದು. ಅಪ್ಪಣೆಯ ಮಾತಲ್ಲ ಅದು. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ಹೋದಾಗ ಅವಳಿನ್ನೂ ಚಿಕ್ಕವಳು. ಶಾಲೆಗೆ ಹೊರಡಿಸಿ ಜಡೆ ಹಾಕುತ್ತಿದ್ದದ್ದು ಅಣ್ಣನೇ. ತಂತಿ ಹೊಸೆಯುವ ಕೈ ಅದು. ಎಷ್ಟು ಬಿಗಿಯಾಗಿ ಹೆಣೆಯುತ್ತಿದ್ದನೆಂದರೆ ಅವಳ ಹುಬ್ಬು ಹಣೆಗೇರುತ್ತಿತ್ತು, ಸಂಜೆಯವರೆಗೂ ಅವಳು ಯಾವುದೋ ಸುದ್ದಿ ಕೇಳಿ ಬೆಚ್ಚಿಬಿದ್ದವಳಂತೆ ಕಾಣುತ್ತಿದ್ದಳು. ‘ಮೊದಲು ತಂಗೀದು ಆಗ್ಲಿ, ಆಮೇಲೆ ನಂದು,’ ಎಂದು ಅವನು ತನಗೆ ಬಂದ ಸಂಬಂಧಗಳನ್ನು ವಾಪಸು ಕಳಿಸಿದ. ಅವಳದು ಒಂದೆರಡು ಕೈಗೆ ಬಂದು ಬಾಯಿಗೆ ಬರಲಿಲ್ಲ. ಹಾಗೇ ದಿನ ಕಳೆಯಿತು. ಅವಳದೂ ಆಗಲಿಲ್ಲ, ಇವನದೂ ಆಗಲಿಲ್ಲ, ಇಬ್ಬರಿಗೂ ಅದೇ ಅಭ್ಯಾಸವಾಯಿತು. ಈಗ ‘ನಾನು ಹೋಗ್ತೀನಿ’ ಎಂದರೆ ‘ನೀನೊಬ್ಬನೇ ಇರು’ ಎಂದಂತೆ. ಆ ಮಾತನ್ನು ಹೇಗೆ ಬಾಯಿಬಿಟ್ಟು ಹೇಳುವುದೆಂದು ಅವಳು ವಾರಗಟ್ಟಲೆ ಒದ್ದಾಡಿದಳು.

ಇನ್ನೊಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಕತೆಯೇ ಇಲ್ಲ. ಕಾರ್ಖಾನೆಯ ದೊಡ್ಡ ಪ್ರೆಸ್ಸಿನ ಪಕ್ಕದಲ್ಲಿ ವರ್ಷಾನುಗಟ್ಟಲೆ ನಿಂತೂ ನಿಂತೂ ಫಿಟ್ಟರನ ಎಡಗಿವಿಗೆ ಏನೂ ಕೇಳಿಸುತ್ತಿರಲಿಲ್ಲ, ಬಲಗಿವಿಯೂ ಸ್ವಲ್ಪ ಮಂದವೇ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಎಡಗಡೆಯಿಂದ ಯಾರಾದರೂ ಮಾತಾಡಿದರೆ ‘ಹೂಂ ಹೂಂ’ ಎಂದು ತಲೆಯಾಡಿಸಿ ದಾಟಿಸುತ್ತಿದ್ದ. ನಿಜ ಗೊತ್ತಿದ್ದದ್ದು ತಂಗಿಗೆ, ಮತ್ತೆ ಪಕ್ಕದ ಮನೆಯ ನರ್ಸಕ್ಕನಿಗೆ. ತಂಗಿ ಯಾವಾಗಲೂ ಅಣ್ಣನ ಬಲಗಡೆ ನಡೆಯುತ್ತಿದ್ದಳು, ಬಲಗಡೆ ಕೂರುತ್ತಿದ್ದಳು, ಒಲೆಯ ಮುಂದೆ ಬಲಗಡೆ ನಿಲ್ಲುತ್ತಿದ್ದಳು. ಕೇಳಿದವರಿಗೆ ‘ನಂಗೆ ಈ ಕಡೆ ರೂಢಿ’ ಎನ್ನುತ್ತಿದ್ದಳು.

ಆ ಸಂಜೆ ಮಾತ್ರ ಗಾಳಿ ತಿರುಗಿತ್ತು. ಹೊಗೆಯೆಲ್ಲ ಬಲಕ್ಕೆ. ಅಣ್ಣ ಕೆಂಡದ ಮೇಲೆ ದಪ್ಪ ಬದನೆಕಾಯಿ ಇಟ್ಟಿದ್ದ. ಸಿಪ್ಪೆ ಕಪ್ಪಾಗಿ ಸಿಡಿಯುತ್ತಿತ್ತು, ತೊಟ್ಟಿನ ಹತ್ತಿರ ರಸ ಗುಳುಗುಳು ಅನ್ನುತ್ತಿತ್ತು. ಅವಳು ಕಣ್ಣುರಿ ತಾಳಲಾರದೆ ತಟ್ಟೆ ಹಿಡಿದುಕೊಂಡು ಎಡಗಡೆಗೆ ಬಂದಳು. ಎದೆಯಲ್ಲಿ ಮಾತು ಕುದಿಯುತ್ತಿದ್ದವಳಿಗೆ ಎಡ ಯಾವುದು ಬಲ ಯಾವುದು ಎಂಬ ಎಚ್ಚರ ಎಲ್ಲಿರುತ್ತದೆ? ಅವನ ಮುಖ ನೋಡಿದರೆ ಬಾಯಿ ಕಟ್ಟುತ್ತದೆಂದು ಬದನೆಕಾಯಿಯನ್ನೇ ನೋಡುತ್ತ, ಒಂದೇ ಉಸಿರಿಗೆ ಹೇಳಿದಳು:

‘ಅಣ್ಣಾ, ನನ್ನನ್ನ ಒಬ್ಬರು ಕೇಳಿದಾರೆ. ಲಿಫ್ಟ್ ರಿಪೇರಿ ಮಾಡೋರು. ಒಳ್ಳೇವ್ರು. ನಂಗೂ ಇಷ್ಟ. ನಿಂಗೆ ಒಪ್ಪಿಗೆಯಾದ್ರೆ ಮದುವೆ ಆಗ್ತೀನಿ. ನೀನು ಬೇಡ ಅಂದ್ರೆ ಇಲ್ಲ.’

ಅಣ್ಣ ಇಕ್ಕಳದ ಬೆನ್ನಿನಿಂದ ಒತ್ತಿ ನೋಡಿದ. ಬದನೆಕಾಯಿ ಮೆತ್ತಗೆ ಒಳಗೆ ಕುಸಿಯಿತು.

‘ಆಯ್ತು,’ ಎಂದ.

ಅವಳ ಕಣ್ಣಲ್ಲಿ ನೀರು ಬಂತು. ಅಣ್ಣ ಕಡೆಗಣ್ಣಿನಲ್ಲಿ ನೋಡಿ, ‘ಹೊಗೆ ಹೋಯ್ತಾ ಕಣ್ಣಿಗೆ? ತಟ್ಟೆ ಹಿಡಿ, ಹಿಡಿ,’ ಎಂದ. ಹೊಗೆ ಇದ್ದದ್ದು ಆ ಕಡೆ. ಪಾಪ, ಸಂಕಟ ಮುಚ್ಚಿಕೊಳ್ಳೋಕೆ ಹೀಗಂತಾನೆ ಎಂದುಕೊಂಡಳು. ಆ ದಿನ ತಿರುಳಿನ ದೊಡ್ಡ ಪಾಲನ್ನು ಅವನು ಅವಳ ತಟ್ಟೆಗೇ ಹಾಕಿದ. ದಿನಾಲೂ ಹಾಗೇ ಹಾಕುತ್ತಿದ್ದನೆಂಬುದು ಅವಳಿಗೆ ಮರೆತೇಹೋಯಿತು. ನಿಂಬೆ ಹಿಂಡಿ, ಉಪ್ಪು ಉದುರಿಸಿ, ಅಳುತ್ತಲೇ ತಿಂದಳು. ಅಷ್ಟು ರುಚಿಯಾದ ಬದನೆಕಾಯಿ ಅವಳು ಹಿಂದೆಂದೂ ತಿಂದಿರಲಿಲ್ಲ.

ಮರುದಿನ ಲಿಫ್ಟಿನವರಿಗೆ, ‘ಅಣ್ಣ ಆಯ್ತು ಅಂದ,’ ಎಂದಳು. ಆತ ಕನ್ನಡಕ ತೆಗೆದು ಒರೆಸಿಕೊಂಡು, ಭಾನುವಾರ ಅಕ್ಕನನ್ನು ಕರೆದುಕೊಂಡು ಮನೆಗೇ ಬರುತ್ತೇನೆಂದರು. ಸಂಜೆ ಅವಳು ಎಂದಿನಂತೆ ಬಲಗಡೆ ನಿಂತು ಅಣ್ಣನಿಗೆ ಹೇಳಿದಳು. ನಾಚಿಕೆಗೆ ಮಾತು ಅರ್ಧವೇ ಬಂತು: ‘ಭಾನುವಾರ ಲಿಫ್ಟಿನವರು ಬರ್ತಾರೆ. ಅವರಕ್ಕನೂ. ನೋಡೋಕೆ.’

‘ಬರ್ಲಿ, ನೋಡ್ಲಿ,’ ಎಂದ ಅಣ್ಣ ಜೋಳದ ತೆನೆ ತಿರುಗಿಸುತ್ತ. ‘ಇಷ್ಟ ಆದ್ರೆ ತಗೊಂಡು ಹೋಗ್ಲಿ. ನಾನೇನು ಬೇಡ ಅಂತೀನಾ?’

ತಗೊಂಡು ಹೋಗ್ಲಿ ಅಂದರೆ ನಾನೇನು ತರಕಾರಿಯಾ ಎಂದು ಅವಳಿಗೆ ಚುರುಕ್ಕೆಂದಿತು. ಆದರೆ ಅಣ್ಣನ ಬಾಯಿಯೇ ಹಾಗೆ, ಕಬ್ಬಿಣದ ಜೊತೆ ಇದ್ದೂ ಇದ್ದೂ. ನಕ್ಕು ಸುಮ್ಮನಾದಳು. ನರ್ಸಕ್ಕನಿಗೆ ಮಾತ್ರ ಗೋಡೆಯ ಮೇಲಿಂದ ಗುಟ್ಟಾಗಿ ಎಲ್ಲವನ್ನೂ ಹೇಳಿದಳು.

ಶನಿವಾರ ಮಧ್ಯಾಹ್ನ ಅದೇ ಗೋಡೆಯ ಮೇಲಿಂದ ನರ್ಸಕ್ಕನ ತಲೆ ಕಾಣಿಸಿತು. ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ.

‘ಏನೇ, ನಿಮ್ಮಣ್ಣನ್ನ ಈಗ ಕೇಳ್ದೆ, ನಾಳೆ ಬರೋರು ಹೆಂಗೆ, ಒಪ್ಪಿಗೇನಾ ಅಂತ. ಅವನೇನಂದ ಗೊತ್ತಾ? ಅವರು ಒಪ್ಪದೆ ಏನು, ಕಾಲಿಗೆಲ್ಲ ಹೊಸದಾಗಿ ಬಣ್ಣ ಬಳಿದು ಕೊಡ್ತೀನಿ ಅಂದ. ಯಾರ ಕಾಲಿಗೇ ಬಣ್ಣ ಬಳಿಯೋದು? ನಿಂದಾ?’

ತಂಗಿ ಗೋಡೆಯ ಹತ್ತಿರಕ್ಕೆ ಓಡಿದಳು.

‘ಅವತ್ತು ಕೇಳಿದೆ ಅಂದ್ಯಲ್ಲ, ಯಾವ ಕಡೆ ನಿಂತಿದ್ದೆ?’

ಅವಳು ನೆನಪು ಮಾಡಿಕೊಂಡಳು. ಹೊಗೆ, ತಟ್ಟೆ, ಬದನೆಕಾಯಿಯ ತೊಟ್ಟು. ‘ಎಡಗಡೆ,’ ಎಂದಳು.

ನರ್ಸಕ್ಕ ಹಣೆ ಚಚ್ಚಿಕೊಂಡಳು. ‘ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ ಹಾಗಾಯ್ತಲ್ಲೇ! ನೀನು ಮದುವೆ ಅಂದೆ, ಅವನು ಬದನೆಕಾಯಿಗೆ ಆಯ್ತು ಅಂದ. ನಾಳೆ ಬರೋರು ಒಲೆ ನೋಡೋಕೆ ಬರ್ತಾರೆ ಅಂತ ಅಂದ್ಕೊಂಡಿದಾನೆ. ಹೋಗು, ಈಗ್ಲೇ ಹೋಗಿ ಹೇಳು. ಬಲಗಡೆ ನಿಂತ್ಕೊಂಡು!’

ಹೇಳುವುದು ನರ್ಸಕ್ಕನಿಗೆ ಸುಲಭ. ಒಮ್ಮೆ ಎದೆ ಗಟ್ಟಿ ಮಾಡಿ ಹೇಳಿಬಿಡಬಹುದು. ಅದೇ ಮಾತನ್ನು ಎರಡನೇ ಸಲ ಹೇಳುವುದಿದೆಯಲ್ಲ, ಅದರ ಕಷ್ಟ ಹೇಳಿದವರಿಗೇ ಗೊತ್ತು. ಅವಳು ಹಿತ್ತಿಲಿಗೆ ಬಂದಾಗ ಅಣ್ಣ ಒಲೆಯನ್ನು ಮಗುಚಿ ಹಾಕಿಕೊಂಡು ಅದರ ಕಾಲಿಗೆ ಬೆಳ್ಳಿಬಣ್ಣ ಹಚ್ಚುತ್ತ ಕೂತಿದ್ದ. ಮೂಗಿನ ಮೇಲೂ ಒಂದಿಷ್ಟು ಬಣ್ಣ. ಅವಳು ಬಲಗಡೆ ಹೋಗಿ ಕುಕ್ಕರಗಾಲಲ್ಲಿ ಕೂತು, ‘ಅಣ್ಣಾ,’ ಎಂದಳು.

‘ಏನು? ನೋಡು, ಇದನ್ನ ಅವರಿಗೆ ಕೊಟ್ಟುಬಿಡೋಣ. ನಮಗೆ ಇನ್ನೊಂದು ಮಾಡ್ತೀನಿ, ಇದಕ್ಕಿಂತ ಎತ್ತರದ್ದು. ತಟ್ಟೆ ಹಿಡಿಯೋಕೆ ಬಗ್ಗಿ ಬಗ್ಗಿ ನಿಂಗೆ ಸೊಂಟ ನೋವು ಬರುತ್ತಲ್ಲ. ಕಬ್ಬಿಣ ನೋಡಿಟ್ಟಿದೀನಿ. ಹತ್ತಿಪ್ಪತ್ತು ವರ್ಷ ಅಲ್ಲಾಡಬಾರದು, ಹಂಗೆ ಮಾಡ್ತೀನಿ.’

ಹೇಳಿದರೆ ಮೂಗಿಗೆ ಬಣ್ಣ ಮೆತ್ತಿದ ಈ ಮುಖವನ್ನು ನೋಡಲಾಗುವುದಿಲ್ಲ. ಹೇಳದಿದ್ದರೆ ನಾಳೆ ಬರುವವರ ಮುಂದೆ ಮರ್ಯಾದೆ ಮೂರು ಕಾಸು. ಬಿಸಿ ತುಪ್ಪ ಬಾಯಲ್ಲಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

‘ಏನೋ ಅಂದೆಯಲ್ಲ?’

‘ಏನಿಲ್ಲ. ನಿಂಬೆಹಣ್ಣು ಮುಗಿದಿದೆ, ತರ್ಬೇಕು,’ ಎಂದು ಎದ್ದಳು.

ಭಾನುವಾರ ಬಿಸಿಲು ಇಳಿಯುವ ಹೊತ್ತಿಗೆ ಲಿಫ್ಟಿನವರು ಅಕ್ಕನ ಜೊತೆ ಬಂದರು. ಕೈಯಲ್ಲಿ ಅನಾನಸ್ ಹಣ್ಣು. ಅಕ್ಕ ದೊಡ್ಡ ಮೈಯವರು, ಕಡಿಮೆ ಮಾತಿನವರು. ಅವರ ಕನ್ನಡಕ ಎರಡು ನಿಮಿಷಕ್ಕೊಮ್ಮೆ ಮೂಗಿನಿಂದ ಜಾರುತ್ತಿತ್ತು. ತಂಗಿಯ ಕೈ ತಾನಾಗೇ ಜೇಬಿನ ಸ್ಕ್ರೂಡ್ರೈವರಿಗೆ ಹೋಗಿ ಬರುತ್ತಿತ್ತು. ಅಣ್ಣ ಇಬ್ಬರನ್ನೂ ಉಪಚರಿಸಿ ಒಲೆಯ ಎದುರಿಗೇ ಕುರ್ಚಿ ಹಾಕಿ ಕೂರಿಸಿದ, ನೋಡಲು ಬಂದವರಿಗೆ ಚೆನ್ನಾಗಿ ಕಾಣಲಿ ಎಂದು. ಹೊಗೆ ಅಂದೂ ಬಲಕ್ಕೇ ಹೋಗುತ್ತಿತ್ತು, ಹಾಗಾಗಿ ಕುರ್ಚಿ ಬಿದ್ದದ್ದು ಅವನ ಎಡಗಡೆ. ಗೋಡೆಯಾಚೆ ನರ್ಸಕ್ಕ ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ಮಡಿಸುತ್ತಿದ್ದಳು.

ಕೆಂಡ ಹದಕ್ಕೆ ಬಂದಿತ್ತು. ಅಣ್ಣ ಸೀಳು ಹಾಕಿ ಉಪ್ಪು, ಮೆಣಸಿನಪುಡಿ, ನಿಂಬೆರಸ ಸವರಿದ ಮೀನುಗಳನ್ನು ಸಾಲಾಗಿ ಇಟ್ಟ. ಬದಿಗೆ ಈರುಳ್ಳಿ, ಅರ್ಧಕ್ಕೆ ಹೆಚ್ಚಿದ ಟೊಮೆಟೊ. ಚುಯ್ಯ್ ಎಂದಿತು.

ಲಿಫ್ಟಿನವರು ಕುರ್ಚಿಯ ತುದಿಗೆ ಸರಿದು, ಕಂಠ ಸರಿಮಾಡಿಕೊಂಡು, ‘ನೀವು ಒಪ್ಪಿದ್ದು ನಮ್ಮ ಪುಣ್ಯ. ಚೆನ್ನಾಗಿ ನೋಡ್ಕೋತೀನಿ,’ ಎಂದರು.

ಅಣ್ಣನಿಗೆ ತುಟಿ ಅಲ್ಲಾಡಿದ್ದು ಕಂಡಿತು. ‘ಹೂಂ ಹೂಂ,’ ಎಂದ. ‘ಹಳೇದೇ, ಆದ್ರೆ ಗಟ್ಟಿ. ಈಗ ಬರೋ ಹೊಸಾದೆಲ್ಲ ನೋಡೋಕೆ ಥಳಕು, ಒಂದು ವರ್ಷಕ್ಕೆ ಕಳಚಿಕೊಳ್ಳುತ್ತೆ.’

ಅಕ್ಕ ತಲೆಯೆತ್ತಿದರು. ಮನೆಯ ಹೆಣ್ಣುಮಕ್ಕಳನ್ನು ‘ಅದು, ಇದು’ ಎಂದೇ ಮಾತಾಡಿಸುವ ಹಳಬರನ್ನು ಅವರು ಕಂಡಿದ್ದರು. ಆದರೂ ಇದು ಸ್ವಲ್ಪ ಅತಿಯಾಯಿತು ಎನಿಸಿರಬೇಕು.

‘ಎಷ್ಟು ಬಿಸಿಯಾದ್ರೂ ತಡ್ಕೊಳ್ಳುತ್ತೆ,’ ಅಣ್ಣ ಮುಂದುವರಿಸಿದ. ‘ಮಳೇಲಿ ಮಾತ್ರ ಹೊರಗೆ ಬಿಡ್ಬೇಡಿ. ಒಂದು ಕಾಲು ಸ್ವಲ್ಪ ಗಿಡ್ಡ. ಸುಳ್ಳು ಯಾಕೆ ಹೇಳ್ಲಿ? ಕೆಳಗೆ ಏನಾದ್ರೂ ಕೊಟ್ರೆ ಗೊತ್ತೇ ಆಗಲ್ಲ.’

ಅಕ್ಕ ಜಾರಿದ ಕನ್ನಡಕದ ಮೇಲಿನಿಂದ ತಂಗಿಯ ಕಾಲನ್ನೇ ನೋಡಿದರು. ಗೋಡೆಯಾಚೆ ನರ್ಸಕ್ಕನಿಗೆ ಕೆಮ್ಮು ಬಂತು. ಲಿಫ್ಟಿನವರ ಮುಖ ಸಪ್ಪಗಾಯಿತು. ಅವರು ತಂಗಿಯ ಕಡೆ ನೋಡಿದರು. ಆ ನೋಟ ಅವಳಿಗೆ ತಡೆಯಲಾಗಲಿಲ್ಲ. ತಟ್ಟೆಯನ್ನು ಬೆಂಚಿನ ಮೇಲಿಟ್ಟು, ಒಲೆಯನ್ನು ಸುತ್ತಿ, ಹೊಗೆಯ ನಡುವೆ ಅಣ್ಣನ ಬಲಗಡೆ ಹೋಗಿ ನಿಂತಳು.

‘ಅಣ್ಣಾ, ಅವರು ಒಲೆ ನೋಡೋಕೆ ಬಂದಿಲ್ಲ.’

‘ಮತ್ತೆ?’

‘ನನ್ನ ನೋಡೋಕೆ ಬಂದಿದಾರೆ. ಅವರನ್ನ ಮದುವೆ ಆಗ್ಬೇಕು ಅಂತಿದೀನಿ.’

ಅಣ್ಣ ಇಕ್ಕಳ ಹಿಡಿದಂತೆಯೇ ನಿಂತ. ಮೊದಲು ಅವನಿಗೆ ಬಂದದ್ದು ಸಿಟ್ಟು. ‘ನನ್ನ ಒಂದು ಮಾತು ಕೇಳದೇನೆ?’

‘ಕೇಳಿದೆ. ನೀನು ಆಯ್ತು ಅಂದೆ.’

‘ನಾನಾ? ಯಾವತ್ತು?’

‘ಬದನೆಕಾಯಿ ಸುಟ್ಟ ದಿನ.’

‘ಅಯ್ಯೋ, ಅದು ಬದನೆಕಾಯಿಗೆ ಕಣೇ ಹೇಳಿದ್ದು!’

ಗೋಡೆಯಾಚೆ ನರ್ಸಕ್ಕ ಇನ್ನು ನಗು ತಡೆಯಲಾಗದೆ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಇಲ್ಲಿ ಯಾರೂ ನಗಲಿಲ್ಲ. ತಂಗಿ ದನಿ ತಗ್ಗಿಸಿ, ‘ಆ ದಿನ ನಾನು ಆ ಕಡೆ ನಿಂತಿದ್ದೆ ಅಣ್ಣಾ. ಹೊಗೆ ಇತ್ತು. ಗಮನಿಸ್ಲಿಲ್ಲ,’ ಎಂದಳು. ಬಂದವರ ಮುಂದೆ ಕಿವಿಯ ಮಾತು ಎತ್ತಲಿಲ್ಲ. ಅಣ್ಣನಿಗೆ ಅಷ್ಟೇ ಸಾಕಾಯಿತು. ಅವನ ಸಿಟ್ಟು ಇಳಿದು ಮುಖ ಬರಿದಾಯಿತು.

ಲಿಫ್ಟಿನವರು ಎದ್ದು ನಿಂತರು. ‘ಇವತ್ತು ಬೇಡ ಅಂದ್ರೆ ನಾವು ಇನ್ನೊಂದು ದಿನ ಬರ್ತೀವಿ.’

ಅಣ್ಣನಿಗೆ ಮಾತು ಕೇಳಿಸದಿದ್ದರೂ ಎದ್ದದ್ದು ಕಂಡಿತು. ‘ಕೂತ್ಕೊಳ್ಳಿ. ಮೀನು ಬೆಂಕಿ ಮೇಲಿದೆ,’ ಎಂದ. ಹಾಗೆಂದವನು ಮೀನಿನ ಕಡೆ ನೋಡಲೇ ಇಲ್ಲ. ಟೊಮೆಟೊ ಅಂಚು ಕಪ್ಪಾಗುತ್ತಿತ್ತು. ಅವನ ಕೈಕೆಳಗೆ ಅಡುಗೆ ಸೀದದ್ದನ್ನು ತಂಗಿ ಅಂದೇ ಮೊದಲು ನೋಡಿದ್ದು. ಎಲ್ಲರೂ ಕಾದರು. ಬೇಡ ಅಂದರೆ ಬೇಡವೇ, ತಾನೇ ಹಾಗೆ ಹೇಳಿದ್ದಳು. ಆದರೆ ಬೇಡ ಎಂದುಬಿಟ್ಟರೆ ಬದುಕುವುದು ಹೇಗೆ ಎಂಬುದು ಅವಳಿಗೆ ತಿಳಿಯಲಿಲ್ಲ.

ಅಣ್ಣ ಕೊನೆಗೆ ಮಾತಾಡಿದ, ಕೆಂಡಕ್ಕೆ ಹೇಳುವವನ ಹಾಗೆ. ‘ನೀನು ಹೋದ್ರೆ ಬಲಗಡೆ ನಿಂತು ಮಾತಾಡೋರು ಯಾರು?’

ಅವಳು ಅವನ ತೋಳು ಹಿಡಿದುಕೊಂಡು ಅತ್ತಳು.

ಲಿಫ್ಟಿನವರು ಇದನ್ನು ಕೇಳಿಸಿಕೊಂಡರು. ಹಗಲೆಲ್ಲ ಯಂತ್ರದ ಸದ್ದಿನಲ್ಲೇ ಇರುವ ಮನುಷ್ಯ, ಬಿಡಿಸಿ ಹೇಳಬೇಕಾಗಲಿಲ್ಲ. ತಮ್ಮ ಕುರ್ಚಿಯನ್ನು ಎತ್ತಿಕೊಂಡು, ಒಲೆಯನ್ನು ಸುತ್ತಿ ಬಂದು, ಹೊಗೆಯಲ್ಲೇ ಅಣ್ಣನ ಬಲಕ್ಕೆ ಹಾಕಿ ಕೂತರು. ಕನ್ನಡಕದ ಮೇಲೆ ಬೂದಿ ಕೂತಿತು. ‘ನಮ್ಮನೆ ಬಸ್ಸಲ್ಲಿ ಬಂದ್ರೆ ಹತ್ತಿರ,’ ಎಂದರು. ‘ಭಾನುವಾರ ಭಾನುವಾರ ಬರ್ತೀವಿ, ಇಬ್ಬರೂ. ಬರಬೇಡಿ ಅಂದ್ರೂ ಬರ್ತೀವಿ. ನಂಗೆ ಮೀನು ಅಂದ್ರೆ ಪ್ರಾಣ.’

ಅಣ್ಣ ಅವರನ್ನು ಕಾಲಿಂದ ತಲೆಯವರೆಗೆ ನೋಡಿದ. ‘ಕಣ್ಣುರಿ ಬರುತ್ತೆ, ಇಲ್ಲಿ ಹೊಗೆ.’

‘ಬರ್ಲಿ ಬಿಡಿ.’

ಅಷ್ಟರಲ್ಲಿ ಮೀನಿನಿಂದ ಸೀದ ವಾಸನೆ ಎದ್ದಿತು. ಅಕ್ಕ ಆ ಸಂಜೆ ಮೊದಲ ಸಲ ತಾವಾಗಿ, ಅದೂ ಕೂಗಿ, ಬಾಯಿಬಿಟ್ಟರು: ‘ಮಾತು ಆಮೇಲೆ ಆಡಿ ಪುಣ್ಯಾತ್ಮರೇ, ಮೀನು ಹೋಯ್ತು!’

ಅಣ್ಣ ಬೆಚ್ಚಿ ಇಕ್ಕಳ ಎತ್ತಿದ. ಎತ್ತಿದವನು ತಡೆದ. ಏನೆನ್ನಿಸಿತೋ, ಇಕ್ಕಳವನ್ನು ತಿರುಗಿಸಿ ಹಿಡಿಯನ್ನು ತಂಗಿಯ ಕಡೆ ಚಾಚಿದ. ಅವಳು ಅರ್ಥವಾಗದೆ ಅವನ ಮುಖ ನೋಡಿದಳು. ಆ ಇಕ್ಕಳವನ್ನು ಅವಳು ತೊಳೆದಿದ್ದಳು, ಒರೆಸಿದ್ದಳು, ಬೆಂಕಿಯ ಮೇಲೆ ಒಮ್ಮೆಯೂ ಹಿಡಿದಿರಲಿಲ್ಲ.

‘ಹಿಡ್ಕೋ. ಅಲ್ಲಿ ನಿಂಗೆ ಯಾರು ಮಾಡಿಕೊಡ್ತಾರೆ? ತಿರುಗಿಸು. ಎಳೀಬೇಡ.’

ಅವಳು ಮೊದಲ ಮೀನಿನ ಕೆಳಗೆ ಇಕ್ಕಳ ತೂರಿಸಿದಳು. ಅದು ಸರಳನ್ನು ಕಚ್ಚಿ ಹಿಡಿದಿತ್ತು. ತುಸು ತಡೆದಳು. ಎಷ್ಟೋ ವರ್ಷಗಳ ಅಭ್ಯಾಸಕ್ಕೆ ಬಾಯಿಯಿಂದ ತಾನಾಗೇ ಹೊರಟಿತು: ‘ಆಯ್ತಾ ಅಣ್ಣಾ?’

‘ನನ್ನ ಯಾಕೆ ಕೇಳ್ತೀಯಾ?’ ಎಂದ ಅಣ್ಣ. ‘ಇಕ್ಕಳ ನಿನ್ನ ಕೈಲಿದೆ. ಇನ್ನು ಮೇಲೆ ನೀನೇ ಹೇಳ್ಬೇಕು.’

ಅವಳು ಇನ್ನೊಮ್ಮೆ ಮೆಲ್ಲಗೆ ಎತ್ತಿ ನೋಡಿದಳು. ಎಳೆಯಲಿಲ್ಲ. ಮೀನು ತಲೆಯ ಕಡೆಯಿಂದ ಸಡಿಲವಾಗುತ್ತ ಬಂದು, ಬಾಲದವರೆಗೆ ತಾನಾಗೇ ಸರಳು ಬಿಟ್ಟಿತು. ಒಂದು ಬದಿ ಸ್ವಲ್ಪ ಹೆಚ್ಚೇ ಕಪ್ಪಾಗಿತ್ತು, ಚರ್ಮ ಮಾತ್ರ ಎಲ್ಲೂ ಹರಿದಿರಲಿಲ್ಲ.

‘ಆಯ್ತು,’ ಎಂದಳು ತಂಗಿ.

ಅಣ್ಣ ಬೆಂಚಿನ ಮೇಲಿದ್ದ ತಟ್ಟೆ ತೆಗೆದುಕೊಂಡು ಬಂದು, ಅವಳ ಮುಂದೆ ಎರಡೂ ಕೈಯಲ್ಲಿ ಹಿಡಿದ.